ವರದಿಗಾರ್ತಿಯಾಗಬೇಕು ಎಂದಿದ್ದೇನೆ: ಪದವಿಗೆ ಯಾವ ವಿಷಯ ತೆಗೆದುಕೊಳ್ಳಲಿ?

ಮೊದಲಪುಟ

ಪದವಿಯ ಮೊದಲ ವರ್ಷದಲ್ಲಿದ್ದೇನೆ. ಮುಂದಿನ ವರ್ಷದಿಂದ ಮುಖ್ಯ ವಿಷಯ ಯಾವುದು ಎಂದು ಈ ತಿಂಗಳೊಳಗೆ ಬರೆದುಕೊಡಬೇಕು. ವರದಿಗಾರ್ತಿಯಾಗಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಅನುಮಾನ ಇರುವುದು ದಾರಿಯ ಬಗ್ಗೆ. ಪತ್ರಿಕೋದ್ಯಮವನ್ನೇ ತೆಗೆದುಕೊಳ್ಳಲೇ ಅಥವಾ ಅರ್ಥಶಾಸ್ತ್ರ ಓದಿಕೊಂಡು ಆಮೇಲೆ ಈ ಕಡೆ ಬರಲೇ? ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಆ ಪದವಿ ಇಲ್ಲದಿದ್ದರೆ ಬಾಗಿಲ ಒಳಗೂ ಬಿಡುವುದಿಲ್ಲ ಎಂದು ಒಬ್ಬರೆಂದರೆ, ಆ ಕ್ಷೇತ್ರವೇ ಮುಳುಗುತ್ತಿದೆ, ಬೇರೆ ಏನಾದರೂ ನೋಡಿಕೋ ಎಂದು ಇನ್ನೊಬ್ಬರು. ಮನೆಯಲ್ಲಿ ಎರಡನೆಯ ಮಾತಿಗೇ ಬೆಂಬಲ ಹೆಚ್ಚು.

ಬರವಣಿಗೆ ಚೆನ್ನಾಗಿದೆ ಎಂದು ಅಧ್ಯಾಪಕರು ಹೇಳುತ್ತಾರೆ. ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಬಂದಿದೆ. ಅಷ್ಟು ಸಾಕೇ? ಸುದ್ದಿಮನೆಯಲ್ಲಿ ಕೆಲಸ ಮಾಡುತ್ತಿರುವವರೂ ಮಾಡಿ ಬಿಟ್ಟವರೂ ದಯವಿಟ್ಟು ಹೇಳಿ.

ರಾತ್ರಿಪಾಳಿ

ಪ್ರಬಂಧ ಸ್ಪರ್ಧೆಯ ಬಹುಮಾನಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಡೆಸ್ಕ್‌ನಲ್ಲಿ, ಅಂದರೆ ವರದಿಗಳನ್ನು ತಿದ್ದುವ ವಿಭಾಗದಲ್ಲಿ, ಕುಳಿತೇ ತಲೆ ನರೆಸಿಕೊಂಡವನ ಮೊದಲ ಸಲಹೆ ಇದು. ಚೆಂದವಾಗಿ ಬರೆಯುವವರಿಗೆ ಯಾವ ಸುದ್ದಿಮನೆಯಲ್ಲೂ ಬರಗಾಲವಿಲ್ಲ. ಫೋನ್ ಎತ್ತಿ ಅಪರಿಚಿತರನ್ನು ಮಾತಿಗೆಳೆಯುವವರು, ಒಮ್ಮೆ ಮಾತನಾಡಿ ಮುಗಿದ ಮೇಲೂ ಮತ್ತೆ ಕರೆ ಮಾಡಿ "ನಿಮ್ಮ ಹೆಸರನ್ನು ಹೇಗೆ ಬರೆಯುತ್ತೀರಿ, ಒಮ್ಮೆ ಬಿಡಿಸಿ ಹೇಳಿ" ಎಂದು ಕೇಳುವವರು, ಮಳೆಯಲ್ಲಿ ಎರಡು ಗಂಟೆ ಕಾದು ಕೊನೆಗೆ ಏನೂ ಸಿಗದೆ ಬಂದರೂ ಮರುದಿನ ಅಲ್ಲಿಗೇ ಹೋಗುವವರು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಪದವಿಯ ಬಗ್ಗೆ ಕೇಳಿದ್ದೀರಿ. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರನ್ನು ಕುರ್ಚಿಯಿಂದ ಇಳಿಸಿದ 1972ರ ವಾಟರ್‌ಗೇಟ್ ಹಗರಣದ ಬೆನ್ನು ಹತ್ತಿದ ಇಬ್ಬರು ವರದಿಗಾರರನ್ನೇ ನೋಡಿ. ಕಾರ್ಲ್ ಬರ್ನ್‌ಸ್ಟೀನ್ ಹದಿನಾರನೆಯ ವಯಸ್ಸಿಗೇ ಪತ್ರಿಕಾ ಕಚೇರಿಯಲ್ಲಿ ಕಾಪಿ ಹೊತ್ತು ಓಡಾಡುವ ಹುಡುಗನಾಗಿ ಸೇರಿದವರು, ಕಾಲೇಜು ಮುಗಿಸಲೇ ಇಲ್ಲ. ಬಾಬ್ ವುಡ್‌ವರ್ಡ್ ಯೇಲ್‌ನಲ್ಲಿ ಇತಿಹಾಸವನ್ನೂ ಇಂಗ್ಲಿಷ್ ಸಾಹಿತ್ಯವನ್ನೂ ಓದಿ, ನೌಕಾಪಡೆಯಲ್ಲಿ ಐದು ವರ್ಷ ಕಳೆದು ಬಂದವರು. ವಾಷಿಂಗ್ಟನ್ ಪೋಸ್ಟ್ ಅವರನ್ನು ಎರಡು ವಾರ ಪರೀಕ್ಷೆಗೆ ಇಟ್ಟುಕೊಂಡು ನೋಡಿ, ಆಗದು ಎಂದು ಕಳಿಸಿತ್ತು. ಸಣ್ಣ ವಾರಪತ್ರಿಕೆಯೊಂದರಲ್ಲಿ ಒಂದು ವರ್ಷ ದುಡಿದ ಮೇಲೆ 1971ರಲ್ಲಿ ಅದೇ ವಾಷಿಂಗ್ಟನ್ ಪೋಸ್ಟ್ ಕರೆದು ಕೆಲಸ ಕೊಟ್ಟಿತು. ಇವರಿಬ್ಬರ ಕಥೆಯಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಹೆಸರು ಹೇಳದ ಮೂಲದೊಂದಿಗೆ ಕತ್ತಲ ಗ್ಯಾರೇಜಿನಲ್ಲಿ ನಡೆದ ಗುಟ್ಟಿನ ಭೇಟಿಗಳನ್ನು. ನನಗೆ ನೆನಪಿರುವುದು ಬೇರೆ. ಶ್ವೇತಭವನದವರು ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಯಾವ ಪುಸ್ತಕಗಳನ್ನು ತರಿಸಿಕೊಂಡಿದ್ದರು ಎಂದು ನೋಡಲು ಇಬ್ಬರೂ ಕುಳಿತು ಸಾವಿರಾರು ಬೇಡಿಕೆ ಚೀಟಿಗಳನ್ನು ಒಂದೊಂದಾಗಿ ಮಗುಚಿದರು. ಏನೂ ಸಿಗಲಿಲ್ಲ! ಆ ಮಧ್ಯಾಹ್ನವನ್ನು ಬೇಸರವಿಲ್ಲದೆ ಕಳೆಯಬಲ್ಲಿರಾದರೆ ಯಾವ ಪದವಿಯಾದರೂ ನಡೆಯುತ್ತದೆ.

ಕರಿಹಲಗೆ

ರಾತ್ರಿಪಾಳಿಯವರು ಗೆದ್ದವರ ಕಥೆ ಹೇಳಿ ಪದವಿಯನ್ನು ತಳ್ಳಿಹಾಕುತ್ತಿದ್ದಾರೆ. ಕಾಲೇಜು ಬಿಟ್ಟು ಪತ್ರಿಕೆ ಸೇರಿ ಅಲ್ಲೇ ಕಳೆದುಹೋದವರ ಬಗ್ಗೆ ಯಾರೂ ಪುಸ್ತಕ ಬರೆಯುವುದಿಲ್ಲವಲ್ಲ. ವರ್ಷಗಟ್ಟಲೆ ವರದಿಗಾರಿಕೆ ಮಾಡಿ ಈಗ ಪಾಠ ಹೇಳುತ್ತಿರುವ ನನ್ನ ಪಕ್ಷವನ್ನೂ ಕೇಳಿ.

ಪತ್ರಿಕೋದ್ಯಮ ತರಗತಿಯಲ್ಲಿ ಕಲಿಸಬಹುದಾದ ವಿದ್ಯೆಯೇ ಎಂಬ ವಾದಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದಾಗ ತರಗತಿಯ ಜೊತೆಗೇ ಪತ್ರಿಕೆಯನ್ನೂ ಆರಂಭಿಸಿತು. ವಿದ್ಯಾರ್ಥಿಗಳು ಆ ಪಟ್ಟಣದ ಜನರಿಗಾಗಿ ನಿಜವಾದ ಪತ್ರಿಕೆಯನ್ನೇ ಹೊರತರಬೇಕಿತ್ತು. ಇವತ್ತಿಗೂ ಒಳ್ಳೆಯ ಸಂಸ್ಥೆಯನ್ನು ಗುರುತಿಸುವ ಬಗೆ ಅದೇ. ಕಟ್ಟಡ, ಸ್ಟುಡಿಯೋ, ಗೋಡೆಯ ಮೇಲಿನ ಗಣ್ಯರ ಫೋಟೊಗಳನ್ನು ನೋಡಬೇಡಿ. ವಿದ್ಯಾರ್ಥಿಗಳು ಬರೆದದ್ದನ್ನು ಕಾಲೇಜಿನ ಹೊರಗಿನವರು ಯಾರಾದರೂ ಓದುತ್ತಾರೆಯೇ ಎಂದು ಕೇಳಿ. ಒಂದು ಸೆಮಿಸ್ಟರ್‌ನಲ್ಲಿ ಎಷ್ಟು ಬರಹಗಳು ಕೆಂಪು ಗೆರೆ ಎಳೆಸಿಕೊಂಡು ವಾಪಸು ಬರುತ್ತವೆ ಎಂದು ಎರಡನೇ ವರ್ಷದವರನ್ನು ವಿಚಾರಿಸಿ. ಅವರು ಮುಖ ಮುಖ ನೋಡಿಕೊಂಡರೆ ಬೇರೆ ಕಡೆ ಹೋಗಿ.

ಇನ್ನೊಂದು ವಿಷಯವನ್ನು ಬಿಡಿ ಬಿಡಿಯಾಗಿ ಕಲಿಯುವುದು ಅಪಾಯ: ಕಾನೂನು. ಮಾನನಷ್ಟ ಎಂದರೇನು, ನ್ಯಾಯಾಂಗ ನಿಂದನೆ ಎಲ್ಲಿಂದ ಶುರುವಾಗುತ್ತದೆ, ಅಪ್ರಾಪ್ತ ವಯಸ್ಸಿನವರ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಯಾವ ಯಾವ ದಾರಿಯಲ್ಲಿ ಹೊರಬೀಳುತ್ತದೆ. ಹೆಸರನ್ನು ಮರೆಮಾಚಿ, ಶಾಲೆಯ ಹೆಸರನ್ನೂ ತಂದೆಯ ಉದ್ಯೋಗವನ್ನೂ ಬರೆದುಬಿಟ್ಟರೆ ಓಣಿಗೆಲ್ಲ ಗುರುತು ಸಿಕ್ಕಂತೆಯೇ. ಇದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯೋಣ ಎಂದರೆ ಕಲಿಕೆಯ ಬೆಲೆಯನ್ನು ಬೇರೆ ಯಾರೋ ತೆರಬೇಕಾಗುತ್ತದೆ.

ತೆರೆದಕಡತ

ಅರ್ಥಶಾಸ್ತ್ರ ತೆಗೆದುಕೊಳ್ಳಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಕರಿಹಲಗೆಯವರು ಹೇಳಿದ ಕಾನೂನನ್ನು ಐಚ್ಛಿಕವಾಗಿಯೋ ಡಿಪ್ಲೊಮಾ ಆಗಿಯೋ ಸೇರಿಸಿಕೊಳ್ಳಬಹುದು. ಬಜೆಟ್ ಪುಸ್ತಕ, ಲೆಕ್ಕಪರಿಶೋಧನಾ ವರದಿ, ಕಂಪನಿಯ ವಾರ್ಷಿಕ ಲೆಕ್ಕ ಇವುಗಳನ್ನು ಓದಲು ಬರುವವರು ಸುದ್ದಿಮನೆಯಲ್ಲಿ ಬೆರಳೆಣಿಕೆಯಷ್ಟು. ಉಳಿದವರು ಪ್ರೆಸ್ ನೋಟ್‌ಗೆ ಕಾಯುತ್ತಾರೆ.

ಸಣ್ಣ ಪರೀಕ್ಷೆ. ನಿರುದ್ಯೋಗ ಶೇ 4ರಿಂದ ಶೇ 6ಕ್ಕೆ ಏರಿತು ಎಂದುಕೊಳ್ಳಿ. ಎಷ್ಟು ಏರಿತು? "ಶೇ 2ರಷ್ಟು" ಎಂದು ಬರೆಯುವವರೇ ಹೆಚ್ಚು. ಏರಿದ್ದು 2 ಶೇಕಡಾ ಅಂಶ, ಏರಿಕೆಯ ಪ್ರಮಾಣ ಶೇ 50. ಆಳುವವರು ಮೊದಲನೆಯದನ್ನು ಹೇಳುತ್ತಾರೆ, ವಿರೋಧಿಗಳು ಎರಡನೆಯದನ್ನು. ಎರಡೂ ಸರಿ. ಓದುಗರಿಗೆ ಎರಡನ್ನೂ ಬಿಡಿಸಿ ಹೇಳುವ ಕೆಲಸ ನಿಮ್ಮದು.

ತನಿಖಾ ವರದಿ ಎಂದರೆ ಮಾರುವೇಷ, ಗುಪ್ತ ಕ್ಯಾಮೆರಾ ಎಂದು ಹೊಸಬರು ಭಾವಿಸುತ್ತಾರೆ. ಅಂಥದ್ದೂ ಉಂಟು. 1887ರಲ್ಲಿ ಅಮೆರಿಕದ ವರದಿಗಾರ್ತಿ ನೆಲ್ಲಿ ಬ್ಲೈ ಮಾನಸಿಕ ಅಸ್ವಸ್ಥೆಯಂತೆ ನಟಿಸಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಹತ್ತು ದಿನ ಇದ್ದು ಬರೆದದ್ದು ಇಂದಿಗೂ ಪಾಠವಾಗುತ್ತದೆ. ಆದರೆ ನಾನು ನನ್ನ ಜೊತೆಯ ಹುಡುಗರಿಗೆ ಕೊಡುವ ಉದಾಹರಣೆ ಅಮೆರಿಕದ ಬೋಸ್ಟನ್ ಗ್ಲೋಬ್ ಪತ್ರಿಕೆಯ ತನಿಖಾ ತಂಡವಾದ ಸ್ಪಾಟ್‌ಲೈಟ್‌ನದು. ಪಾದ್ರಿಗಳ ಲೈಂಗಿಕ ದೌರ್ಜನ್ಯವನ್ನು ಚರ್ಚ್ ಹೇಗೆ ಮುಚ್ಚಿಟ್ಟಿತ್ತು ಎಂಬುದನ್ನು ಅವರು 2002ರ ಜನವರಿಯಲ್ಲಿ ಬಯಲಿಗೆ ತಂದರು. ಅವರು ಬಳಸಿದ ಆಕರಗಳಲ್ಲಿ ಒಂದು ಚರ್ಚ್ ತಾನೇ ಅಚ್ಚು ಹಾಕಿಸುತ್ತಿದ್ದ ವಾರ್ಷಿಕ ಡೈರೆಕ್ಟರಿ. ಯಾವ ಪಾದ್ರಿ ಯಾವ ವರ್ಷ ಎಲ್ಲಿದ್ದರು ಎಂಬುದು ಅದರಲ್ಲಿ ಇರುತ್ತಿತ್ತು. ಕೆಲವು ಹೆಸರುಗಳ ಮುಂದೆ ಅನಾರೋಗ್ಯ ರಜೆ ಎಂಬ ನಮೂದು, ದೂರು ಬಂದ ಪಾದ್ರಿಗಳನ್ನು ಸರಿಸಿಡಲು ಬಳಸುತ್ತಿದ್ದ ನೆಪಗಳಲ್ಲಿ ಅದೂ ಒಂದು. ವರ್ಷ ವರ್ಷದ ಸಂಪುಟಗಳನ್ನು ಬಿಡಿಸಿಟ್ಟುಕೊಂಡು, ಆ ಹೆಸರುಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿ, ಯಾರು ಎಲ್ಲಿಂದ ಎಲ್ಲಿಗೆ ವರ್ಗವಾದರು ಎಂದು ಹೊಂದಿಸಿ ನೋಡಿದರು. ಡೈರೆಕ್ಟರಿಗಳು ಯಾರು ಬೇಕಾದರೂ ನೋಡಬಹುದಾದಂತೆ ಕಪಾಟಿನಲ್ಲೇ ಇದ್ದವು. ಅವುಗಳಿಗೆ ಯಾವ ಪ್ರಶ್ನೆ ಹಾಕಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ನಿಮ್ಮ ದೇಶದಲ್ಲಿ ಮಾಹಿತಿ ಹಕ್ಕಿನ ಕಾನೂನು ಇದ್ದರೆ ಅರ್ಜಿ ಬರೆಯುವುದನ್ನು ಈಗಲೇ ಕಲಿಯಿರಿ. ಸ್ವೀಡನ್ 1766ರಲ್ಲಿ ಮೊದಲು ತಂದ ಇಂಥ ಕಾನೂನು ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಅರ್ಜಿ ಹಾಕಲು ಬೈಲೈನ್ (ವರದಿಯ ಜೊತೆ ಅಚ್ಚಾಗುವ ಹೆಸರು) ಬೇಕಿಲ್ಲ, ಪತ್ರಕರ್ತರ ಗುರುತಿನ ಚೀಟಿಯೂ ಬೇಕಿಲ್ಲ.

ಕ್ಯಾಮೆರಾಹಿಂದೆ

ಟಿವಿಯವರು ಯಾರೂ ಬಾಯಿ ಬಿಟ್ಟಿಲ್ಲ, ನಾನೇ ಹೇಳುತ್ತೇನೆ. ನಿರೂಪಕರ ಕುರ್ಚಿ ನೋಡಿ ಬರುವವರು ನೂರು ಮಂದಿ, ಕುರ್ಚಿ ಇರುವುದು ನಾಲ್ಕೈದು. ಉಳಿದದ್ದೆಲ್ಲ ತೆರೆಯ ಹಿಂದಿನ ಕೆಲಸ. ಎಡಿಟಿಂಗ್, ಸ್ಕ್ರಿಪ್ಟ್, ಅತಿಥಿಗಳನ್ನು ಗೊತ್ತುಮಾಡುವುದು, ಹನ್ನೆರಡು ಸೆಕೆಂಡಿನ ದೃಶ್ಯಕ್ಕೆ ಹನ್ನೆರಡು ಸೆಕೆಂಡಿನ ಮಾತು ಬರೆಯುವುದು. ಒಂದು ಕ್ಯಾಮೆರಾ ಮತ್ತು ಒಂದು ಎಡಿಟಿಂಗ್ ಸಾಫ್ಟ್‌ವೇರ್ ಕೈವಶವಾಗಿರಲಿ. ಮೊಬೈಲ್‌ನಲ್ಲಾದರೂ ಸರಿ, ಆದರೆ ಧ್ವನಿ ಸ್ಪಷ್ಟವಾಗಿರಬೇಕು. ಚಿತ್ರ ಮಸುಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಬಿಡಿಬರಹ

ಎಲ್ಲರೂ ಕಸುಬಿನ ಬಗ್ಗೆ ಹೇಳಿದಿರಿ, ಹೊಟ್ಟೆಪಾಡಿನ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ಮನೆಯವರ ಚಿಂತೆ ಸುಳ್ಳಲ್ಲ. ಮುದ್ರಣ ಜಾಹೀರಾತು ಕುಸಿದ ಮೇಲೆ ಪತ್ರಿಕೆಗಳು ಮೊದಲು ಕತ್ತರಿ ಹಾಕಿದ್ದು ವರದಿಗಾರರ ಹುದ್ದೆಗಳಿಗೆ. ನಾನಿದ್ದ ಪತ್ರಿಕೆ ಮುಚ್ಚಿದ ಮೇಲೆ ಬಿಡಿಬರಹಗಾರ್ತಿಯಾಗಿದ್ದೇನೆ. ಅಚ್ಚಾದ ಲೇಖನಕ್ಕೆ ಹಣ ಬರಲು ತಿಂಗಳುಗಳೇ ಬೇಕು. ಕೇಳಿದರೆ ಲೆಕ್ಕಪತ್ರ ವಿಭಾಗದತ್ತ ಬೆರಳು ತೋರಿಸುತ್ತಾರೆ, ಅಲ್ಲಿ ಕೇಳಿದರೆ ಸಂಪಾದಕರ ಸಹಿ ಬಾಕಿ ಎನ್ನುತ್ತಾರೆ.

ಹಾಗೆಂದು ಬರಬೇಡಿ ಎನ್ನಲಾರೆ. ಬರುವ ಮುನ್ನ ಕೇಳಬೇಕಾದದ್ದನ್ನು ಕೇಳಿ. ಇಂಟರ್ನ್‌ಶಿಪ್‌ಗೆ ಗೌರವಧನ ಉಂಟೇ? ಸಂಚಾರದ ಖರ್ಚು ಯಾರದು? ಅಪಘಾತವಾದರೆ ವಿಮೆ ಇದೆಯೇ? ಗಲಭೆಯ ವರದಿಗೆ ಕಳಿಸುವಾಗ ಜೊತೆಗೆ ಯಾರಿರುತ್ತಾರೆ? "ನಿಮ್ಮ ಹೆಸರು ಅಚ್ಚಾಗುತ್ತದೆ, ಅದೇ ದೊಡ್ಡ ಸಂಭಾವನೆ" ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದುಬನ್ನಿ. ಅರ್ಥಶಾಸ್ತ್ರ ಓದಿದ್ದರೆ ಕೆಲಸ ಹೋದ ದಿನ ಇನ್ನೊಂದು ಬಾಗಿಲು ತಟ್ಟಬಹುದು ಎಂಬ ಕಾರಣಕ್ಕೂ ನನ್ನ ಮತ ಅದಕ್ಕೇ.

ಮೊದಲಪುಟ

ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಇನ್ನೆರಡು ಕೇಳಿಬಿಡುತ್ತೇನೆ. ಎಐ ಸುದ್ದಿ ಬರೆಯುತ್ತಿರುವಾಗ ನಾನು ಕಲಿತು ಏನು ಪ್ರಯೋಜನ ಎಂದು ಅಣ್ಣ ಕೇಳುತ್ತಾನೆ, ಉತ್ತರ ಹೊಳೆಯಲಿಲ್ಲ. ಎರಡನೆಯದು, ಕಾಲೇಜಿನ ಭಿತ್ತಿಪತ್ರಿಕೆಗೆ ಒಂದು ವರದಿ ಬರೆಯುತ್ತಿದ್ದೇನೆ. ಮೊದಲ ಪ್ಯಾರಾ ಹೀಗಿದೆ, ನೋಡಿ ಹೇಳುತ್ತೀರಾ?

"ವಿದ್ಯಾರ್ಥಿಗಳ ಪಾಲಿನ ಜ್ಞಾನ ದೇಗುಲವೆಂದೇ ಹೆಸರಾದ ನಮ್ಮ ಕಾಲೇಜಿನ ಗ್ರಂಥಾಲಯವು ಇತ್ತೀಚಿನ ದಿನಗಳಲ್ಲಿ ಬೇಗನೆ ಮುಚ್ಚಲ್ಪಡುತ್ತಿರುವುದು ವಿದ್ಯಾರ್ಥಿ ವಲಯದಲ್ಲಿ ತೀವ್ರ ಅಸಮಾಧಾನಕ್ಕೆ ಕಾರಣವಾಗಿದ್ದು, ಈ ಬಗ್ಗೆ ಆಡಳಿತ ಮಂಡಳಿ ಜಾಣ ಕುರುಡು ಪ್ರದರ್ಶಿಸುತ್ತಿದೆ ಎಂಬ ಮಾತುಗಳು ಕೇಳಿಬರುತ್ತಿವೆ."

ತೆರೆದಕಡತ

ನಿಮ್ಮ ಅಣ್ಣನಿಗೆ ಒಂದು ಉತ್ತರ. ಸಿನೆಟ್ ಎಂಬ ತಂತ್ರಜ್ಞಾನ ಜಾಲತಾಣ ಯಂತ್ರದಿಂದ ಬರೆಸಿದ ಹಣಕಾಸು ಲೇಖನಗಳನ್ನು ಪ್ರಕಟಿಸಿ, 2023ರ ಆರಂಭದಲ್ಲಿ ಅವನ್ನು ಮರುಪರಿಶೀಲಿಸಬೇಕಾಯಿತು. 77 ಲೇಖನಗಳ ಪೈಕಿ 41ಕ್ಕೆ ತಿದ್ದುಪಡಿ ಹಾಕಿದರು. 10,000 ಡಾಲರ್‌ಗಳನ್ನು ಶೇ 3ರ ಬಡ್ಡಿಗೆ ಇಟ್ಟರೆ ಮೊದಲ ವರ್ಷ 10,300 ಡಾಲರ್ ಗಳಿಸುತ್ತೀರಿ ಎಂದು ಒಂದರಲ್ಲಿ ಇತ್ತು. ಗಳಿಕೆ 300 ಡಾಲರ್ ಎಂದು ಯಾರಿಗಾದರೂ ಗೊತ್ತು. ವಾಕ್ಯ ಮಾತ್ರ ನುಣುಪಾಗಿತ್ತು, ಹಾಗಾಗಿ ಯಾರ ಕಣ್ಣೂ ತಡವರಿಸಲಿಲ್ಲ. ಪ್ರೆಸ್ ನೋಟ್ ತಿರುಗಿಸಿ ಬರೆಯುವ ಕೆಲಸವನ್ನು ಯಂತ್ರ ತೆಗೆದುಕೊಂಡರೆ ತೆಗೆದುಕೊಳ್ಳಲಿ. ಕದ ತಟ್ಟುವುದು, ಕಡತ ಕೇಳುವುದು, ಹೆದರಿದವರ ಎದುರು ಕುಳಿತು ಅವರಾಗಿ ಮಾತನಾಡುವವರೆಗೆ ಸುಮ್ಮನಿರುವುದು ನಿಮಗೆ ಉಳಿದಿರುತ್ತದೆ.

ಕುಳಿತಲ್ಲೇ ಮಾಡುವ ಹುಡುಕಾಟವೂ ಕಡಿಮೆಯದ್ದೇನಲ್ಲ, ಕಲಿತಿರಿ. ಬ್ರಿಟನ್ನಿನ ಎಲಿಯಟ್ ಹಿಗಿನ್ಸ್ ಪತ್ರಿಕೋದ್ಯಮದ ಪದವಿ ಇಲ್ಲದೆ, ಅರಬ್ಬಿ ಭಾಷೆಯೂ ಬಾರದೆ, ಸಿರಿಯಾ ಯುದ್ಧದ ವಿಡಿಯೊಗಳಲ್ಲಿ ಕಾಣುವ ಶಸ್ತ್ರಾಸ್ತ್ರಗಳನ್ನು ಗುರುತು ಹಿಡಿಯುತ್ತ ಹೆಸರಾದರು. 2014ರಲ್ಲಿ ಬೆಲಿಂಗ್‌ಕ್ಯಾಟ್ ಎಂಬ ಆನ್‌ಲೈನ್ ತನಿಖಾ ತಾಣ ಆರಂಭಿಸಿದರು. ಚಿತ್ರದಲ್ಲಿನ ನೆರಳು, ಅಂಗಡಿಯ ಫಲಕ, ದೂರದ ಗೋಪುರ ಇವುಗಳಿಂದ ಅದನ್ನು ತೆಗೆದ ಜಾಗ ಹುಡುಕುವುದನ್ನು ಯಾವ ಶುಲ್ಕವೂ ಇಲ್ಲದೆ ಅಭ್ಯಾಸ ಮಾಡಬಹುದು.

ರಾತ್ರಿಪಾಳಿ

ಪ್ಯಾರಾ ಓದಿದೆ. ಮೊದಲಪುಟ ಅವರೇ, ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಹಳೆಯ ಪತ್ರಿಕೆಯ ಭಾಷೆ ಎಲ್ಲಿಂದ ಬಂತು? ಜ್ಞಾನ ದೇಗುಲ ಎಂದು ಅದಕ್ಕೆ ಯಾರು ಹೆಸರಿಟ್ಟರು? ತೆಗೆಯಿರಿ. "ಇತ್ತೀಚಿನ ದಿನಗಳಲ್ಲಿ" ಎಂದರೆ ಯಾವ ದಿನದಿಂದ? "ಬೇಗನೆ" ಎಂದರೆ ಎಷ್ಟು ಗಂಟೆಗೆ, ಮೊದಲು ಎಷ್ಟಕ್ಕಿತ್ತು? "ವಿದ್ಯಾರ್ಥಿ ವಲಯ" ಎನ್ನುತ್ತೀರಿ, ಅದರಲ್ಲಿ ನೀವು ಮಾತನಾಡಿಸಿದವರು ಎಷ್ಟು ಮಂದಿ, ಅವರಲ್ಲಿ ನಿಮ್ಮ ಗೆಳತಿಯರನ್ನು ಬಿಟ್ಟು ಎಷ್ಟು? ಮಾತುಗಳು ಕೇಳಿಬರುತ್ತಿದ್ದರೆ ಯಾರ ಬಾಯಿಂದ? ಯಾರೂ ಹೇಳದೆ ನಿಮಗೇ ಹಾಗನ್ನಿಸಿದ್ದರೆ ಅದು ಸಂಪಾದಕೀಯ, ವರದಿಯಲ್ಲಿ ಅದಕ್ಕೆ ಜಾಗವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಗ್ರಂಥಪಾಲಕರನ್ನು ಕೇಳಿದಿರಾ? ಆಡಳಿತ ಮಂಡಳಿ ಕುರುಡು ಎಂದು ಬರೆಯುವ ಮುನ್ನ ಅವರ ಕಣ್ಣ ಮುಂದೆ ನಿಮ್ಮ ಪ್ರಶ್ನೆಯನ್ನು ಇಟ್ಟಿದ್ದೀರಾ? ಆರೋಪ ಯಾರ ಮೇಲಿದೆಯೋ ಅವರಿಗೆ ಉತ್ತರಿಸಲು ಸಾಕಷ್ಟು ಸಮಯ ಕೊಡಬೇಕು. ಅಚ್ಚಿಗೆ ಹೋಗುವ ಹತ್ತು ನಿಮಿಷ ಮೊದಲು ಕರೆ ಮಾಡಿ "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಬರೆಯುವ ಚಾಳಿಯನ್ನು ಭಿತ್ತಿಪತ್ರಿಕೆಯಲ್ಲೇ ಬಿಟ್ಟುಬಿಡಿ.

ಕರಿಹಲಗೆ

ನನ್ನ ತರಗತಿಯಲ್ಲಿ ಇದೇ ಪ್ಯಾರಾಕ್ಕೆ ಇನ್ನೂ ಸ್ವಲ್ಪ ಮೆದುವಾಗಿ ಇದನ್ನೇ ಹೇಳುತ್ತಿದ್ದೆ. (ರಾತ್ರಿಪಾಳಿಯವರೇ, ನೀವು ಮಾಡಿದ್ದನ್ನೇ ಪಾಠ ಎನ್ನುತ್ತಾರೆ. ಪತ್ರಿಕೋದ್ಯಮವನ್ನು ಕಲಿಸಲಾಗದು ಎಂಬ ವಾದ ಇಲ್ಲಿಗೆ ಬಿದ್ದುಹೋಯಿತು.)

ಮೂಲಗಳ ಬಗ್ಗೆ ಒಂದು ಎಚ್ಚರಿಕೆ. ಗ್ರಂಥಪಾಲಕರೊಂದಿಗೆ ಮಾತು ಶುರುವಾಗುವ ಮೊದಲೇ ಷರತ್ತು ಇತ್ಯರ್ಥವಾಗಲಿ. ಹೆಸರು ಹಾಕಬಹುದೇ, ಹೆಸರಿಲ್ಲದೆ "ಗ್ರಂಥಾಲಯದ ಸಿಬ್ಬಂದಿ" ಎಂದು ಬರೆಯಬಹುದೇ ಅಥವಾ ಬರೆಯಲೇಬಾರದೇ? ಎಲ್ಲ ಹೇಳಿ ಮುಗಿಸಿದ ಮೇಲೆ "ಇದು ನಮ್ಮೊಳಗೇ ಇರಲಿ" ಎಂದರೆ ನಿಯಮದ ಪ್ರಕಾರ ನೀವು ಒಪ್ಪಬೇಕಾಗಿಲ್ಲ. ಆದರೆ ಎದುರಿರುವುದು ಪತ್ರಕರ್ತರ ರೂಢಿ ಗೊತ್ತಿಲ್ಲದ ಸಾಮಾನ್ಯ ನೌಕರರಾದರೆ, ಕೆಲಸ ಕಳೆದುಕೊಳ್ಳುವ ಭಯ ಇದ್ದರೆ, ನಾನು ಒಪ್ಪುತ್ತೇನೆ. ಮಂತ್ರಿಗಳಾದರೆ ಒಪ್ಪುವುದಿಲ್ಲ.

ಮತ್ತೆ, ಯಾರೂ ಆಡದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಡಿ, ಎಷ್ಟೇ ಸಣ್ಣದಿರಲಿ. ಎಂಟು ವರ್ಷದ ಮಾದಕವ್ಯಸನಿ ಹುಡುಗನ ಕಥೆ ಬರೆದ ಜಾನೆಟ್ ಕುಕ್ ಅವರಿಗೆ 1981ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. ಅಂಥ ಹುಡುಗನೇ ಇರಲಿಲ್ಲ, ಪ್ರಶಸ್ತಿ ವಾಪಸಾಯಿತು. ಕಟ್ಟುಕಥೆ ಬಯಲಾಗತೊಡಗಿದ್ದು ಅವರು ತಮ್ಮ ಓದಿನ ಬಗ್ಗೆ ಹೇಳಿಕೊಂಡಿದ್ದ ಸುಳ್ಳಿನಿಂದ. ಜರ್ಮನಿಯ ಡೆರ್ ಸ್ಪೀಗಲ್ ವಾರಪತ್ರಿಕೆಯ ಕ್ಲಾಸ್ ರೆಲೋಷಿಯಸ್ ಬರೆಯುತ್ತಿದ್ದ ಕಟ್ಟುಕಥೆಗಳು 2018ರಲ್ಲಿ ಬಯಲಾದದ್ದು ಸಹೋದ್ಯೋಗಿಯೊಬ್ಬರು ತಾವಾಗಿಯೇ ಅದೇ ಜಾಗಕ್ಕೆ ಹೋಗಿ, ಅದೇ ಜನರನ್ನು ಮಾತನಾಡಿಸಿದಾಗ. ಇಬ್ಬರ ಭಾಷೆಯೂ ಸೊಗಸಾಗಿತ್ತು ಎಂಬುದನ್ನು ಪ್ರಬಂಧ ಸ್ಪರ್ಧೆ ಗೆದ್ದವರು ಗಮನಿಸಬೇಕು.

ಮೊದಲಪುಟ

ನಾಲ್ಕು ದಿನ ಇತ್ತ ಬರಲಾಗಲಿಲ್ಲ. ಗ್ರಂಥಪಾಲಕರನ್ನು ಭೇಟಿಯಾದೆ, ಹೆಸರು ಹಾಕಬಹುದು ಎಂದರು. ಪ್ರವೇಶ ಪುಸ್ತಕವನ್ನು ತಾವಾಗಿಯೇ ತೆರೆದು ತೋರಿಸಿದರು. ನಾನು ಎಣಿಸಿದ್ದಕ್ಕಿಂತ ವಿಷಯ ಬೇರೆಯೇ ಇದೆ. ಹೊಸ ಪ್ಯಾರಾ:

"ಕಾಲೇಜಿನ ಗ್ರಂಥಾಲಯ ಈ ಸೆಮಿಸ್ಟರ್‌ನಿಂದ ರಾತ್ರಿ 9ರ ಬದಲು ಸಂಜೆ 6ಕ್ಕೆ ಮುಚ್ಚುತ್ತಿದೆ. ಸಂಜೆ ಪಾಳಿಯ ಸಹಾಯಕರು ನಿವೃತ್ತರಾದ ಬಳಿಕ ಆ ಹುದ್ದೆ ಭರ್ತಿಯಾಗಿಲ್ಲ ಎಂದು ಗ್ರಂಥಪಾಲಕರು ತಿಳಿಸಿದರು. ಕಳೆದ ವರ್ಷದ ಪ್ರವೇಶ ಪುಸ್ತಕದ ಪ್ರಕಾರ ಸಾಮಾನ್ಯ ದಿನಗಳಲ್ಲಿ 6ರ ನಂತರ ಬಂದವರ ಸಹಿಗಳು ಹತ್ತನ್ನು ದಾಟಿದ್ದು ಅಪರೂಪ. ಪರೀಕ್ಷೆಯ ತಿಂಗಳಲ್ಲಿ ಒಂದೇ ಸಂಜೆಗೆ ಎರಡು ಪುಟ ತುಂಬಿವೆ."

ಸಾಮಾನ್ಯ ದಿನಗಳಲ್ಲಿ ಅಷ್ಟು ಕಡಿಮೆ ಜನ ಬರುತ್ತಿದ್ದರು ಎಂದು ಬರೆದರೆ ನಮ್ಮ ಬೇಡಿಕೆಯೇ ದುರ್ಬಲವಾಗುತ್ತದೆ, ಆ ಸಾಲು ತೆಗೆ ಎಂದು ಗೆಳತಿಯರು ಒತ್ತಾಯಿಸುತ್ತಿದ್ದಾರೆ.

ರಾತ್ರಿಪಾಳಿ

ಆ ಸಾಲು ಇರಲಿ. ನಿಮ್ಮ ವರದಿಯನ್ನು ಆಡಳಿತ ಮಂಡಳಿ ತಳ್ಳಿಹಾಕಲಾಗದಂತೆ ಮಾಡುವುದೇ ಅದು. ಗೆಳತಿಯರು ಬೇಡಿಕೆ ಪತ್ರ ಬರೆಯಲಿ, ಅದರಲ್ಲಿ ಬೇಕಾದ್ದನ್ನು ಬಿಡಲಿ.

ಈ ಪ್ಯಾರಾವನ್ನು ಯಾವ ಪತ್ರಿಕೆಯ ಡೆಸ್ಕ್‌ಗಾದರೂ ಕಳಿಸಬಹುದು. ಬಾಕಿ ಇರುವ ಕೆಲಸ ಹೇಳುತ್ತೇನೆ. ಹುದ್ದೆ ಖಾಲಿಯಾದ ದಿನಾಂಕ ಬೇಕು. ಭರ್ತಿ ಮಾಡುವಂತೆ ಪತ್ರ ಹೋಗಿದೆಯೇ, ಹೋಗಿದ್ದರೆ ಯಾರ ಮೇಜಿನ ಮೇಲಿದೆ ಎಂದು ತಿಳಿಯಬೇಕು. ಸಾಮಾನ್ಯ ದಿನಗಳಲ್ಲೂ ತಪ್ಪದೆ ಸಹಿ ಹಾಕಿದ ಆ ಹತ್ತರೊಳಗಿನವರು ಯಾರು, ಈಗ ಸಂಜೆ ಎಲ್ಲಿ ಕುಳಿತು ಓದುತ್ತಾರೆ? ನಿಮ್ಮ ನಿಜವಾದ ಸುದ್ದಿ ಬಹುಶಃ ಅವರ ಬಳಿ ಇದೆ.

ಬಿಡಿಬರಹ

ಪರೀಕ್ಷೆಯ ತಿಂಗಳಿಗೆ ಮಾತ್ರ ಸಮಯ ವಿಸ್ತರಿಸುವ ಯೋಚನೆ ಇದೆಯೇ ಎಂದು ಪ್ರಾಂಶುಪಾಲರನ್ನು ಕೇಳಿ. ಇದೆ ಎಂದರೆ ಅದೇ ನಿಮ್ಮ ತಲೆಬರಹ.

ಮೊದಲಪುಟ

ಪ್ರಾಂಶುಪಾಲರಿಗೆ ಪ್ರಶ್ನೆಗಳನ್ನು ಬರೆದು ಕೊಟ್ಟಿದ್ದೇನೆ, ನಾಡಿದ್ದು ಬೆಳಿಗ್ಗೆ ಬರಹೇಳಿದ್ದಾರೆ. ದಿನವೂ ಸಹಿ ಹಾಕುತ್ತಿದ್ದವರಲ್ಲಿ ಇಬ್ಬರು ಸಿಕ್ಕಿದರು. ಇಬ್ಬರೂ ಹಗಲು ಕೆಲಸ ಮಾಡಿಕೊಂಡು ಓದುವವರು. ಮಾತನಾಡಲು ಸಂಜೆ ಸಿಗುತ್ತೇವೆ ಎಂದಿದ್ದಾರೆ.

ಮುಖ್ಯ ವಿಷಯ ಅರ್ಥಶಾಸ್ತ್ರ ಎಂದು ಬರೆದುಕೊಟ್ಟೆ. ಐಚ್ಛಿಕವಾಗಿ ಮಾಧ್ಯಮ ಕಾನೂನು ಸಿಗುತ್ತದೆಯಂತೆ. ಮನೆಯಲ್ಲಿ ಅರ್ಥಶಾಸ್ತ್ರ ಎಂಬುದನ್ನಷ್ಟೇ ಕೇಳಿಸಿಕೊಂಡು ಖುಷಿಯಾಗಿದ್ದಾರೆ.

ತೆರೆದಕಡತ

ಒಳ್ಳೆಯದು. ನಾಡಿದ್ದು ಪ್ರಾಂಶುಪಾಲರ ಕೊಠಡಿಗೆ ಹೋಗುವ ಮೊದಲು ಒಂದು ವಿಷಯ: ಪ್ರವೇಶ ಪುಸ್ತಕದ ಆ ಪುಟಗಳ ಫೋಟೊ ಗ್ರಂಥಪಾಲಕರ ಒಪ್ಪಿಗೆ ಪಡೆದು ತೆಗೆದಿಟ್ಟುಕೊಂಡಿದ್ದೀರಾ?